ಎದೆನೋವಿಗೆ ಮೊದಲೇ ಬರೆದಿಡಬೇಕಾದ ಒಂದು ಹಾಳೆ

ನನಗೆ ವ್ಯಾಸ್ಕುಲೈಟಿಸ್ ಇದೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ರಕ್ತನಾಳಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಮತ್ತೆ ಕೆರಳಿದ್ದಾಗ ಒಂದು ರಾತ್ರಿ ಎದೆ ಹಿಂಡಿದ ಹಾಗಾಯಿತು. ಇಸಿಜಿ ಸರಿಯಿಲ್ಲ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಜಾಸ್ತಿ. ಆದರೆ ಆಂಜಿಯೋಗ್ರಾಮ್‌ನಲ್ಲಿ ಬ್ಲಾಕೇ ಇಲ್ಲ! ಎಕೋ ಪರದೆಯಲ್ಲಿ ಡಾಕ್ಟರು ತೋರಿಸಿದರು: ಹೃದಯದ ತುದಿ ಅಲುಗದೆ ಉಬ್ಬಿಕೊಂಡಿದೆ, ಮೇಲ್ಭಾಗ ಮಾತ್ರ ಜೋರಾಗಿ ಹಿಂಡುತ್ತಿದೆ. ಕತ್ತು ಸಣ್ಣ, ಹೊಟ್ಟೆ ದಪ್ಪ, ಥೇಟ್ ಗಡಿಗೆ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರನ್ನೇ ಇಟ್ಟರು, ಟಾಕೊತ್ಸುಬೊ. ಮುಟ್ಟು ನಿಂತ ಹೆಂಗಸರಲ್ಲೇ ಇದು ಹೆಚ್ಚು. ನನಗಾಗ 58. ಇದು ಸಾಮಾನ್ಯವಾಗಿ ದೊಡ್ಡ ದುಃಖ, ಆಘಾತದಂಥ ಸ್ಟ್ರೆಸ್ಸಿನ ಬೆನ್ನಿಗೇ ಬರುತ್ತದೆ.

"ಏನು ಚಿಂತೆ ಹಚ್ಕೊಂಡಿದ್ರಿ?" ಅಂತ ಬಂದವರೆಲ್ಲ ಕೇಳಿದರು. ಚಿಂತೆ ಏನೂ ಇರಲಿಲ್ಲ. ಕಾಯಿಲೆ ಕೆರಳಿದಾಗ ಮೈಗೆ ಬೀಳುವ ಹೊಡೆತವೂ ಸ್ಟ್ರೆಸ್ಸೇ ಅಲ್ವಾ? ಸ್ಟ್ರೆಸ್ಸಿನಲ್ಲಿ ಏರುವ ಹಾರ್ಮೋನು ಅಡ್ರಿನಲಿನ್ ಒಮ್ಮೆಲೇ ಉಕ್ಕಿದರೆ ಹೃದಯದ ಸ್ನಾಯು ಸುಸ್ತು ಹೊಡೆಯುತ್ತದೆ.

ಎದೆನೋವು ಬಂದರೆ ಮನೆಯಲ್ಲಿ ಕೂತು ಲೆಕ್ಕ ಹಾಕಬೇಡಿ, ಆಂಬುಲೆನ್ಸ್ ಕರೆಸಿ. ಹಾರ್ಟ್ ಅಟ್ಯಾಕೋ ಇದೋ ಅಂತ ಟೆಸ್ಟ್ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ.

ಎಮರ್ಜೆನ್ಸಿಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಮೊದಲ ಮಾತು, "ನನಗೆ ವ್ಯಾಸ್ಕುಲೈಟಿಸ್ ಇದೆ." ನಾನು ಬಿಪಿ, ಶುಗರ್ ಎಲ್ಲ ಹೇಳಿ ಇದನ್ನೇ ಕೊನೆಗೆ ಹೇಳಿದ್ದೆ. ಅದು ತಪ್ಪು. ಏಕೆಂದರೆ ವ್ಯಾಸ್ಕುಲೈಟಿಸ್ ನೇರವಾಗಿ ಹೃದಯದ ಸ್ನಾಯುವಿಗೂ ಅದರ ರಕ್ತನಾಳಗಳಿಗೂ ಇಳಿಯಬಹುದು. ಹಾಗಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಜೋರು ಮಾಡಬೇಕಾಗುತ್ತದೆ. ಟಾಕೊತ್ಸುಬೊ ಆದರೆ ಹೃದಯ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸುಧಾರಿಸುತ್ತದೆ, ಮೊದಲ ದಿನಗಳಲ್ಲಿ ಮಾತ್ರ ಆಸ್ಪತ್ರೆಯಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಎರಡನ್ನೂ ಬೇರೆ ಮಾಡಿ ನೋಡಲು ಹೃದಯದ ಎಂಆರ್‌ಐ ನೆರವಾಗುತ್ತದೆ. ಬೇಕಾ ಅಂತ ನೀವೇ ಕೇಳಿ, ಸಂಕೋಚ ಬೇಡ.

ನೋವಿನಲ್ಲಿ ಇಷ್ಟೆಲ್ಲ ನೆನಪಾಗುವುದಿಲ್ಲ. ಅದಕ್ಕೇ ಒಂದು ಹಾಳೆ ಬರೆದಿಡಿ. ಯಾವ ಬಗೆಯ ವ್ಯಾಸ್ಕುಲೈಟಿಸ್, ಆಂಕಾ ಪರೀಕ್ಷೆಯ (ಕೆಲವು ಬಗೆಯ ವ್ಯಾಸ್ಕುಲೈಟಿಸ್ ಪತ್ತೆಗೆ ಮಾಡುವ ರಕ್ತಪರೀಕ್ಷೆ) ಫಲಿತಾಂಶ, ಕಿಡ್ನಿ ಹೇಗಿದೆ ಅಂತ ತೋರಿಸುವ ಕೊನೆಯ ಕ್ರಿಯಾಟಿನಿನ್, ಎಲ್ಲ ಔಷಧಿಗಳ ಹೆಸರು, ವ್ಯಾಸ್ಕುಲೈಟಿಸ್ ನೋಡುವ ಡಾಕ್ಟರ ನಂಬರ್. ಕಿಡ್ನಿಗೆ ತೊಂದರೆ ಆಗಿದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ, ಆಂಜಿಯೋಗ್ರಾಮ್‌ನ ಡೈ ಕಿಡ್ನಿಗೆ ಭಾರ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಎಷ್ಟು, ಯಾವಾಗಿನಿಂದ ಅನ್ನುವುದಂತೂ ಇರಲೇಬೇಕು. ಬಹಳ ದಿನದಿಂದ ತೆಗೆದುಕೊಳ್ಳುವವರು ಅದನ್ನು ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ವಾರ್ಡಿಗೆ ಹೋದ ಮೇಲೆ ಅವತ್ತಿನ ಡೋಸ್ ಬಂತಾ ಅಂತ ಜೊತೆಗಿರುವವರು ಕೇಳಬೇಕು.

ನನ್ನ ಹಾಳೆ ಕನ್ನಡಕದ ಡಬ್ಬಿಯಲ್ಲಿದೆ. ಡೋಸ್ ಮಾತ್ರ ಪೆನ್ಸಿಲ್‌ನಲ್ಲಿ. ಅದು ಬದಲಾಗುತ್ತಲೇ ಇರುತ್ತದೆ.