ಮಗು ಮಲಗಿದರೂ ನನಗೆ ನಿದ್ದೆ ಬರಲಿಲ್ಲ

ಬಾಣಂತನ ಮುಗಿಸಿ ತವರಿನಿಂದ ಬೆಂಗಳೂರಿಗೆ ಬಂದ ಮೇಲೆಯೇ ನಿದ್ದೆಗೆಟ್ಟ ರಾತ್ರಿಗಳು ಶುರುವಾಗಿದ್ದು. ಊರಲ್ಲಿ ಮಗು ಅತ್ತರೆ ಎತ್ತಿಕೊಳ್ಳಲು ಅಮ್ಮ, ಚಿಕ್ಕಮ್ಮ ಇದ್ದರು. ಇಲ್ಲಿ ನಾನು ಮತ್ತು ಇವರು, ಇಬ್ಬರೇ. ಮಗು ಗಂಟೆಗೊಮ್ಮೆ ಏಳುತ್ತಿತ್ತು.

"ದೃಷ್ಟಿ ಆಗಿರಬೇಕು, ತೆಗಿಯಮ್ಮ" ಅಂದರು ಅತ್ತೆ ಫೋನಿನಲ್ಲಿ. ತೆಗೆದೆ. ಮಗು ಮಾತ್ರ ಎಂದಿನಂತೆ ಎದ್ದಿತು. ಮಕ್ಕಳ ಡಾಕ್ಟರು ತೂಕ ನೋಡಿ, ಮಗು ಚೆನ್ನಾಗಿದೆ ಎಂದರು. ಪುಟ್ಟ ಹೊಟ್ಟೆ, ಬೇಗ ಹಸಿವಾಗುತ್ತದೆ. ಹಗಲು ರಾತ್ರಿಯ ಲೆಕ್ಕ ಕೂಡಿ ಬರಲು ಮೂರು ತಿಂಗಳಾದರೂ ಬೇಕು.

ಅಷ್ಟರಲ್ಲಿ ಕೆಟ್ಟಿದ್ದು ನನ್ನ ತಲೆ. ಕುಕ್ಕರ್ ಕೂಗಿದರೂ ಅಳು. ಇವರು ಗೊರಕೆ ಹೊಡೆದರೆ ಸಿಟ್ಟು. ಕತ್ತಲಾಗುತ್ತಿದ್ದಂತೆ ಎದೆ ಡವಡವ. ನಿದ್ದೆಗೆಟ್ಟರೆ ಹೀಗೇ ಅಲ್ವಾ ಅಂದುಕೊಂಡೆವು. ಆದರೆ ಮಗು ಅಪರೂಪಕ್ಕೆ ಗಾಢವಾಗಿ ಮಲಗಿದ ರಾತ್ರಿಯೂ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಉಸಿರಾಡ್ತಿದೆಯಾ ಅಂತ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ.

ಇದನ್ನು ಹೆರಿಗೆ ಡಾಕ್ಟರಿಗೆ ಹೇಳಿದೆ. ಅವರು ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟರು. ಬಾಣಂತಿಯರಿಗೆ ಖಿನ್ನತೆ ಇರಬಹುದೇ ಅಂತ ನೋಡುವ ಪ್ರಶ್ನೆಗಳ ಪಟ್ಟಿ ಅದು. 1987ರಲ್ಲಿ ಬಂದದ್ದು, 10 ಪ್ರಶ್ನೆ, ಒಟ್ಟು 30 ಅಂಕ. ಅದರಲ್ಲಿ ನಿದ್ದೆಯ ಪ್ರಶ್ನೆಯೂ ಇದೆ. ಮನಸ್ಸಿನ ಸಂಕಟಕ್ಕೇ ನಿದ್ದೆ ಬರುತ್ತಿಲ್ಲವೇ ಎಂದು ಕೇಳುತ್ತದೆ. ಅಂಕ ಜಾಸ್ತಿ ಬಂದ ಮಾತ್ರಕ್ಕೆ ಕಾಯಿಲೆ ಅಂತ ತೀರ್ಮಾನಿಸುವುದಿಲ್ಲ, ಮನೋವೈದ್ಯರು ಮಾತಾಡಿಸಿ ನೋಡಬೇಕು. ನನ್ನನ್ನು ಹಾಗೆ ಮಾತಾಡಿಸಿದ ಮನೋವೈದ್ಯರು, ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು.

"ನಾವೆಲ್ಲ ಮಾತ್ರೆ ನುಂಗಿ ಮಕ್ಕಳನ್ನ ಸಾಕಿದ್ವಾ?" ಅಂದರು ಅತ್ತೆ. ಅವರ ಮನೆ ತುಂಬ ಓರಗಿತ್ತಿಯರು, ನಾದಿನಿಯರು ಇದ್ದರು. ನಾನು ವಾದ ಮಾಡಲಿಲ್ಲ, ಮಾತ್ರೆ ನುಂಗಿದೆ.

ಮಾತ್ರೆಯ ಜೊತೆಗೆ ಅಷ್ಟೇ ನೆರವಾದದ್ದು ರಾತ್ರಿ ಪಾಳಿ. 9ರಿಂದ 2ರವರೆಗೆ ಇವರದು, ಆಮೇಲೆ ನನ್ನದು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಬೇಕು. ಹಿಂಡಿಟ್ಟ ಹಾಲನ್ನು ಇವರು ಒಳಲೆಯಲ್ಲಿ ಕುಡಿಸುತ್ತಿದ್ದರು. ಅರ್ಧ ಅಂಗಿಗೆ ಹೋಗುತ್ತಿತ್ತು, ಹೋಗಲಿ. ತುಂಡು ತುಂಡು ಎಂಟು ಗಂಟೆಗಿಂತ ಒಟ್ಟಿಗೆ ಸಿಕ್ಕ ನಾಲ್ಕೈದು ಗಂಟೆ ನನಗೆ ಹೆಚ್ಚು ಹಿಡಿಸಿತು. 'ಮಗು ಮಲಗಿದಾಗ ನೀನೂ ಮಲಗು' ಅಂತ ಸುಮ್ನೆ ಹೇಳುವವರು ಬಂದು ಪಾತ್ರೆ ತೊಳೆದುಕೊಟ್ಟಿದ್ದರೆ ಮಲಗುತ್ತಿದ್ದೆನೇನೋ.

ಪಾಳಿ ಶುರುವಾದ ಮೇಲೆ ಇವರೂ ಸಿಡುಕತೊಡಗಿದರು, ಊಟ ಬಿಟ್ಟರು. ಅಪ್ಪನಿಗೂ ಹೀಗಾಗುತ್ತದೆ ಅಂತ ಯಾರೂ ಕೇಳುವುದೇ ಇಲ್ಲ. ನಾನೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಒತ್ತಿ ಫೋನ್ ಕೈಗಿಟ್ಟೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಇವರು ಬಾಲ್ಕನಿಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಏನು ಅಂತ ನಾನು ಕೇಳಲಿಲ್ಲ.