ಹುಳುಮನೆಯ ಮೀಟರ್ ಬಾಳಬೇಕೆಂದರೆ ಕನೆಕ್ಟರ್, ಡಬ್ಬಿ ಹೀಗೆ ಆರಿಸಿ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳುಮನೆಗಳಿಗೆ ಉಷ್ಣಾಂಶ, ತೇವಾಂಶ ಅಳೆದು ಮೊಬೈಲಿಗೆ ಕಳಿಸುವ ಸಾಧನ ಬೇಕೆಂದರೆ ಎಂಜಿನಿಯರಿಂಗ್ ಓದುವ ಮನೆಮಕ್ಕಳೇ ಜೋಡಿಸಿಕೊಡಬಲ್ಲರು. ಇಎಸ್‌ಪಿ 32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು ಸೆನ್ಸರ್, ಹ್ಯುಮಿಡಿಫೈಯರ್ ಆನ್ ಮಾಡಲು ಒಂದು ರಿಲೇ, ಇಷ್ಟೇ ಸಾಮಾನು. ಮೇಜಿನ ಮೇಲೆ ಸಲೀಸಾಗಿ ಓಡುವ ಇದು ಹುಳುಮನೆಯಲ್ಲಿ ಒಂದೆರಡು ಬೆಳೆ ಕಳೆಯುವಷ್ಟರಲ್ಲಿ ಮುಷ್ಕರ ಹೂಡುತ್ತದೆ. ಬಿಚ್ಚಿ ನೋಡಿದರೆ ಬೋರ್ಡಿಗೆ ಏನೂ ಆಗಿರುವುದಿಲ್ಲ, ವೈರ್ ಸೇರುವ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ.

ಹಿಡಿಯದೆ ಇನ್ನೇನು? ಎಳೆ ಹುಳು ಸಾಕುವ ಚಾಕಿ ಹಂತದಲ್ಲಿ ಒಳಗಿನ ತೇವಾಂಶವೇ ಶೇ 85–90. ಸೋಂಕು ನಿವಾರಣೆಗೆ ಸಿಂಪಡಿಸುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂರುವಾಗ ಉದುರಿಸುವ ಸುಣ್ಣದ ಪುಡಿ ಬೇರೆ.

ಮೊದಲು ವೈರ್‌ಗಳ ಪಟ್ಟಿ

ಯಾವ ವೈರಿನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ, ಯಾವುದನ್ನು ಆಗಾಗ ಬಿಚ್ಚಬೇಕು ಎಂದು ಬರೆದುಕೊಳ್ಳಿ. ಸೆನ್ಸರಿನದು ಮಿಲಿ ಆಂಪಿಯರ್ ಲೆಕ್ಕ. ಹೀಟರ್ ಸಾಲಿನದು ಹಾಗಲ್ಲ. ಸಡಿಲವಾದ ಒಂದು ಜೋಡಣೆಯಲ್ಲಿ ಬರೀ 0.1 ಓಂ ರೋಧವಿದ್ದು 10 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲೇ 10 ವಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು.

ಆಮೇಲೆ ಕನೆಕ್ಟರ್

ಕಾಲೇಜು ಲ್ಯಾಬಿನ ಜಂಪರ್ ವೈರ್ ಪರೀಕ್ಷೆಗಷ್ಟೇ. ಡಬ್ಬಿಯೊಳಗಿನ ಸಣ್ಣ ಸಂಪರ್ಕಕ್ಕೆ ಜೆಎಸ್‌ಟಿ ಎಕ್ಸ್‌ಎಚ್ ಎಂಬ ಜಾತಿಯ ಕನೆಕ್ಟರ್ ಒಳ್ಳೆಯದು. 3 ಆಂಪಿಯರ್‌ವರೆಗೆ ತಡೆಯುತ್ತದೆ, ತಿರುಗಾಮುರುಗಾ ಕೂರುವುದಿಲ್ಲ. ಅದರ ಪಿನ್ ಅಂತರ 2.5 ಮಿ.ಮೀ., ಜಂಪರ್ ಪಿನ್ನಿನದು 2.54. ನೋಡಲು ಒಂದೇ, ಆದರೆ ಬಹಳ ಪಿನ್ನುಗಳಿದ್ದರೆ ಕೂರದು.

ರಿಲೇ ಕಡೆಗೆ ಸ್ಕ್ರೂ ಟರ್ಮಿನಲ್ ಹಾಕಿ. ವೈರಿನ ಎಳೆಗಳಿಗೆ ಸಾಲ್ಡರ್ ಹಚ್ಚಿ ಸ್ಕ್ರೂ ಬಿಗಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಬಿಡುವುದು ಮೇಲು. ಸಾಲ್ಡರ್ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಬದಲಿಗೆ ಎಳೆಗಳ ತುದಿಗೆ ಫೆರೂಲ್ ಎಂಬ ಸಣ್ಣ ಕೊಳವೆ ತೊಡಿಸಿ ಒತ್ತಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಟರ್ಮಿನಲ್ಲಿನಲ್ಲಿ ಕರೆಂಟ್ ಹರಿಯುವ ಭಾಗಕ್ಕೆ ಮುಟ್ಟಿಸಿ. ಗಟ್ಟಿಯಾಗಿ ಅಂಟಿದರೆ ಅದು ಬಣ್ಣ ಏರಿಸಿದ ಕಬ್ಬಿಣ, ಹಿತ್ತಾಳೆಯಲ್ಲ. ಸ್ಕ್ರೂ ಮಾತ್ರ ಅಂಟಿದರೆ ಚಿಂತೆಯಿಲ್ಲ. ಕ್ರಿಂಪ್ ಮಾಡಿದ, ಅಂದರೆ ವೈರಿನ ತುದಿಗೆ ಉಪಕರಣದಿಂದ ಒತ್ತಿ ಕಚ್ಚಿಸಿದ, ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ: ಮುಂದಿನ ಎರಡು ಕಿವಿಗಳು ತಾಮ್ರವನ್ನು ಕಚ್ಚಿರಬೇಕು, ಹಿಂದಿನವು ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ತಬ್ಬಿರಬೇಕು. ಮುಂದಿನ ಕಿವಿಯೂ ಪ್ಲಾಸ್ಟಿಕ್ಕನ್ನೇ ಕಚ್ಚಿದ್ದರೆ ಸಂಪರ್ಕ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಕೈಯಲ್ಲಿ ಎಳೆದು ನೋಡಿ, ಕಿತ್ತು ಬಂದರೆ ಮತ್ತೆ ಮಾಡಿ. ಇಕ್ಕಳದಲ್ಲಿ ಜಜ್ಜುವುದು ಕ್ರಿಂಪ್ ಅಲ್ಲ.

ಡಬ್ಬಿಯಿಂದ ಹೊರಬರುವ ಕೇಬಲ್ಲಿಗೆ ಏವಿಯೇಷನ್ ಪ್ಲಗ್ ಎಂದು ಮಾರುವ ಜಿಎಕ್ಸ್ 12, ಜಿಎಕ್ಸ್ 16 ಗಟ್ಟಿಮುಟ್ಟು. ಆದರೆ ಸಾಮಾನ್ಯ ಜಿಎಕ್ಸ್‌ಗಳು ನೀರು ತಡೆಯುವುದಿಲ್ಲ. ಸಿಂಪಡಣೆ ತಾಗುವ ಜಾಗಕ್ಕೆ ರಬ್ಬರ್ ಉಂಗುರವಿರುವ ಐಪಿ 67 ದರ್ಜೆಯ (ದೂಳು, ನೀರು ತಡೆಯುವ ಮಟ್ಟ) ಎಂ 12 ಕನೆಕ್ಟರ್ ತನ್ನಿ, ದುಬಾರಿಯಾದರೂ. ಆ ದರ್ಜೆ ಎರಡೂ ಭಾಗ ಸೇರಿಸಿ ತಿರುಪಿದಾಗ ಮಾತ್ರ ಸಿಗುತ್ತದೆ; ಬಿಚ್ಚಿದಾಗ ಮುಚ್ಚಳ ಹಾಕಬೇಕು.

ಡಬ್ಬಿ

ಐಪಿ ಸಂಖ್ಯೆಯ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 65 ಎಂದರೆ ದೂಳು ಒಳಹೋಗದು, ಪೈಪಿನ ನೀರಿನ ಧಾರೆ ತಡೆಯುತ್ತದೆ. 67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಸರಿ. ಹುಳುಮನೆಗೆ 65 ಸಾಕು. ಬಿಸಿಲಿಗೆ ತೂಗುಹಾಕುವುದಾದರೆ ಸಾದಾ ಎಬಿಎಸ್ ಪ್ಲಾಸ್ಟಿಕ್ ಬೇಡ, ಹಳದಿಯಾಗಿ ಪೆಡಸಾಗುತ್ತದೆ. ಬಿಸಿಲು ತಡೆಯುವ ಪಾಲಿಕಾರ್ಬೊನೇಟ್ ಕೇಳಿ. ತಗಡಿನ ಡಬ್ಬಿ ವೈಫೈ ಸಿಗ್ನಲ್ಲನ್ನೇ ತಡೆಯುತ್ತದೆ.

ಐಪಿ 65 ಡಬ್ಬಿಗೆ ನೀವು ಡ್ರಿಲ್ ಹೊಡೆದ ಕೂಡಲೇ ಆ ದರ್ಜೆ ಹೋಯಿತು. ತೂತಿಗೆ ಕೇಬಲ್ಲನ್ನು ಸುತ್ತ ಬಿಗಿಹಿಡಿದು ನೀರು ತಡೆಯುವ ಕೇಬಲ್ ಗ್ಲ್ಯಾಂಡ್ ಹಾಕಲೇಬೇಕು. ಪಿಜಿ 7 ಅಳತೆಯ ಗ್ಲ್ಯಾಂಡಿಗೆ 3ರಿಂದ 6.5 ಮಿ.ಮೀ. ದಪ್ಪದ ದುಂಡನೆಯ ಕೇಬಲ್ ಹೊಂದುತ್ತದೆ. ಒಂದೇ ಗ್ಲ್ಯಾಂಡಿನಲ್ಲಿ ಎರಡು ವೈರ್ ತುರುಕಿದರೆ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ. ತೂತುಗಳೆಲ್ಲ ಡಬ್ಬಿಯ ತಳದಲ್ಲಿರಲಿ.

ಸೆನ್ಸರನ್ನು ಮಾತ್ರ ಇದರೊಳಗೆ ಮುಚ್ಚಬೇಡಿ, ಡಬ್ಬಿಯ ಗಾಳಿಯನ್ನೇ ಅಳೆಯುತ್ತಾ ಕೂರುತ್ತದೆ. ಗಾಳಿಕಿಂಡಿಯ ಪುಟ್ಟ ಗೂಡಿನಲ್ಲಿಟ್ಟು ಹುಳು ತಟ್ಟೆಯ ಎತ್ತರಕ್ಕೆ ತೂಗುಬಿಡಿ. ಬ್ಲೀಚಿಂಗ್ ಹೊಡೆಯುವ ದಿನ ಕನೆಕ್ಟರ್ ಬಿಚ್ಚಿ ಹೊರಗೆ ಒಯ್ಯಿರಿ.

230 ವೋಲ್ಟಿಗೆ ಬೇರೆಯೇ ಡಬ್ಬಿ, ಬೇರೆಯೇ ಜಾತಿಯ ಕನೆಕ್ಟರ್. 5 ವೋಲ್ಟಿನದು ಅದಕ್ಕೆ ಅಪ್ಪಿತಪ್ಪಿಯೂ ಕೂರಬಾರದು. ಕರೆಂಟ್ ಬರುವ ಬದಿಗೆ ಪಿನ್ ಹೊರಚಾಚದ ಸಾಕೆಟ್ಟೇ ಇರಲಿ. ಈ ಸಾಲಿನ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಯಿರಿ.

ಕೊನೆಗೆ, ಬೋರ್ಡ್ ಕೂರಿಸುವ ಮೊದಲೇ ಖಾಲಿ ಡಬ್ಬಿಯೊಳಗೆ ಟಿಶ್ಯೂ ಕಾಗದ ಹಾಸಿ, ಗ್ಲ್ಯಾಂಡುಗಳಿಗೆ ಕೇಬಲ್ ಏರಿಸಿ ಬಿಗಿದು, ಕೇಬಲ್ ತುದಿಗಳನ್ನು ನೀರು ತಾಗದಂತೆ ಸುತ್ತಿಟ್ಟು, ಹತ್ತು ನಿಮಿಷ ಪೈಪ್ ನೀರು ಬಿಡಿ. ಒರೆಸಿ ತೆರೆದು, ಕಾಗದ ಎಲ್ಲಿ ಒದ್ದೆಯಾಗಿದೆಯೋ ಅದಕ್ಕೆ ಹತ್ತಿರದ ಗ್ಲ್ಯಾಂಡನ್ನು ಬಿಚ್ಚಿ ಮತ್ತೆ ಕಟ್ಟಿ.