ಹಳೆಯ ಯೆಜ್ಡಿ ಕೊಂಡವರು ಮೊದಲು ಗಮನಿಸಬೇಕಾದದ್ದು

ಯೆಜ್ಡಿ ಮೋಟಾರ್ ಸೈಕಲ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಹಳೆಯ ಯೆಜ್ಡಿ ಎಂದರೆ ಸುಮಾರು ಮೂರು ದಶಕ ಕಂಡ ಗಾಡಿಯೇ. ಕೊಂಡ ಕೂಡಲೇ ಬಣ್ಣಕ್ಕೂ ಕ್ರೋಮಿಗೂ ಹಣ ಸುರಿಯುವ ಮುನ್ನ ಎಂಜಿನ್ನಿಗೆ ಪೆಟ್ರೋಲ್ ಬರುವುದು ಮತ್ತು ಪ್ಲಗ್ಗಿನಲ್ಲಿ ಕಿಡಿ ಹಾರುವುದು ಎರಡನ್ನೂ ಸರಿಪಡಿಸಿಕೊಳ್ಳುವುದು ಒಳಿತು. ಇದು ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಲೀಟರ್ ಪೆಟ್ರೋಲಿಗೆ ಸುಮಾರು 40 ಮಿ.ಲೀ. ಟೂ ಟಿ ಆಯಿಲನ್ನು (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲು) ಅಳೆದೇ ಬೆರೆಸಬೇಕು.

ಗಾಡಿ ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ. ನಾನೊಮ್ಮೆ ಮರೆತಾಗ ಕಾರ್ಬ್ಯುರೇಟರಿನಿಂದ ರಾತ್ರಿಯಿಡೀ ಸೋರಿದ ಪೆಟ್ರೋಲು ಎಂಜಿನ್ನಿನೊಳಗೆ ತುಂಬಿ, ಇಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗದೆ, ಬಿಚ್ಚಿದ ಪ್ಲಗ್ಗಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲವೆಂದೂ, ಒದ್ದೆಯಾಗಿದ್ದು ಕಿಡಿಯಿಲ್ಲದಿದ್ದರೆ ಕಾಂಟ್ಯಾಕ್ಟ್ ಪಾಯಿಂಟ್ (ತೆರೆದು ಮುಚ್ಚುತ್ತಾ ಕಿಡಿ ಹಾರಿಸುವ ಸ್ವಿಚ್) ನೋಡಬೇಕೆಂದೂ ತಿಳಿಯಿರಿ. ಪೂರ್ತಿ ತೆರೆದಾಗ ಅದರ ಸಂದು 0.4 ಮಿ.ಮೀ. ಇರಬೇಕು. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುವ ಗಾಡಿಯಲ್ಲಿ (ಇದು ಬಹಳ ಕಾಡುವ ರೋಗ) ಮೊದಲು ಪಾಯಿಂಟಿಗೆ ಜೋಡಿಸಿರುವ ಕಂಡೆನ್ಸರ್ ಬದಲಿಸಿ, ಆಮೇಲೆ ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಪರೀಕ್ಷಿಸಿ.

ಅಲಂಕಾರದ ವಿಷಯಕ್ಕೆ ಬಂದರೆ, 6 ವೋಲ್ಟಿನ ಡೈನಮೊ ಇರುವ ಗಾಡಿಗೆ ಭಾರೀ ಹಾರ್ನ್, ಹೆಚ್ಚುವರಿ ದೀಪಗಳನ್ನು ಹಾಕಿಸಬೇಡಿ, ಅಷ್ಟು ವಿದ್ಯುತ್ತನ್ನು ಆ ಡೈನಮೊ ಕೊಡಲಾರದು; ಕಾಲುಗಳಿಗೆ ರಕ್ಷಣೆಯಾಗುವ ಗಟ್ಟಿ ಕ್ರ್ಯಾಶ್ ಗಾರ್ಡ್ ಮಾತ್ರ ಹಾಕಿಸಿದರೆ ಸಾಕು.